ವಕೀಲನಿಲ್ಲದವನ ಮಿಯಾದ್

ನಿಜಾಂ ಕಾಲದ ಕೋರ್ಟು ಕಾಗದಗಳನ್ನು ಓದಬಲ್ಲವರಿಗೆ ಎರಡು ಉರ್ದು ಪದಗಳ ಪರಿಚಯ ಇದ್ದೇ ಇರುತ್ತದೆ. ಒಂದು 'ವಕಾಲತನ್', ಇನ್ನೊಂದು 'ಅಸಾಲತನ್'. ವಕೀಲರನ್ನು ಮುಂದಿಟ್ಟುಕೊಂಡು ಬಂದವನು ವಕಾಲತನ್ ಹಾಜರಾದವನು. ವಕೀಲರಿಲ್ಲದೆ ತಾನೇ ಬಂದು ನಿಂತವನು ಅಸಾಲತನ್ ಹಾಜರಾದವನು. ಎರಡನೆಯ ಪದದೊಳಗೆ 'ಅಸಲ್' ಇದೆ. ಅಂದರೆ ನ್ಯಾಯ ಬೇಕಾದ ಅಸಲು ಮನುಷ್ಯನೇ ಬಂದಿದ್ದಾನೆ ಎಂದರ್ಥ. ವಕಾಲತ್ತು ಕನ್ನಡದ ಮಾತಾಗಿಬಿಟ್ಟಿತು. ಅಸಾಲತನ್ ಆಗಲಿಲ್ಲ. ಆ ಜಾಗದಲ್ಲಿ ನಾವು 'ಖುದ್ದು' ಎನ್ನುತ್ತೇವೆ. ಅದೂ ಪಾರಸಿಯಿಂದಲೇ ಬಂದದ್ದು.

ಇವೆರಡರ ಜೊತೆಗೆ ಮೂರನೆಯ ಪದವೊಂದಿದೆ: ಮಿಯಾದ್. ಗೊತ್ತುಮಾಡಿದ ಅವಧಿ, ವಾಯಿದೆ. ಫೈಸಲಾ ಒಪ್ಪಿಗೆಯಾಗದಿದ್ದರೆ ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಮಿಯಾದಿನೊಳಗೆ ಹೋಗಬೇಕು. ವಕಾಲತನ್ ಬಂದವನಿಗೆ ದಿನ ಎಣಿಸಿಕೊಡಲು ವಕೀಲರಿರುತ್ತಾರೆ. ಅಸಾಲತನ್ ಬಂದವನಿಗೆ ಯಾರು ಎಣಿಸಿಕೊಡುತ್ತಾರೆ? ಎಣಿಕೆ ತಪ್ಪಿ ತಡವಾದರೆ ಇನ್ನಷ್ಟು ಕಾಲ ಕೊಡಿ ಎಂದು ಕೇಳಲು ದಾರಿ ಇದೆಯೆ? ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಜನರಿಗೆ ಈ ಪ್ರಶ್ನೆ ನೂರು ವರ್ಷದಷ್ಟು ಹಳೆಯದು.

ಹಕ್ಕು ಉಳಿಯುತ್ತದೆ, ಆಲಿಸುವುದು ನಿಲ್ಲುತ್ತದೆ

ಕಾಲಮಿತಿ ಕಾಯಿದೆಗೆ ಉರ್ದುವಿನಲ್ಲಿ 'ಕಾನೂನೆ ಮಿಯಾದೆ ಸಮಾಅತ್' ಎಂಬ ಹೆಸರಿದೆ. ಸಮಾಅತ್ ಎಂದರೆ ಕೇಳಿಸಿಕೊಳ್ಳುವುದು, ಆಲಿಸುವುದು. ಹೆಸರಿನಲ್ಲೇ ತತ್ವವಿದೆ: ಮುಗಿಯುವುದು ಹಕ್ಕಿನ ಆಯುಷ್ಯವಲ್ಲ, ನ್ಯಾಯಾಲಯ ಕಿವಿಗೊಡುವ ಕಾಲ. ಅವಧಿ ಮೀರಿದ ಸಾಲಕ್ಕೆ ದಾವೆ ಹೂಡಲು ಬರುವುದಿಲ್ಲ, ಆದರೆ ಸಾಲಗಾರ ತಾನಾಗಿ ತಂದುಕೊಟ್ಟರೆ ಅದು ಸಾಲದ ಹಣವೇ ಹೊರತು ದಾನವಲ್ಲ. ಭಾರತದ ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಪರಿಹಾರ ಕೇಳುವ ದಾರಿ ಮುಚ್ಚುತ್ತದೆ, ಹಕ್ಕು ಅಳಿಯುವುದಿಲ್ಲ. ಸ್ಥಿರಾಸ್ತಿಯ ಸ್ವಾಧೀನದಂಥ ಕೆಲವು ಸಂಗತಿಗಳು ಮಾತ್ರ ಇದಕ್ಕೆ ಹೊರತು.

ಉಸ್ಮಾನಿಯಾ ತುರ್ಕರು 1869ರಿಂದ 1876ರ ಒಳಗೆ 'ಮಜಲ್ಲಾ' ಎಂಬ ಸಿವಿಲ್ ಸಂಹಿತೆ ಬರೆದರು. ಕಾಲ ಕಳೆಯಿತೆಂದು ಹಕ್ಕು ಬಿದ್ದುಹೋಗುವುದಿಲ್ಲ ಎಂಬುದು ಅದರ 1674ನೆಯ ಕಲಮು. ಹಾಗೆಂದು ದಾವೆಗೆ ಮಿತಿಯೇ ಇರಲಿಲ್ಲ ಎಂದಲ್ಲ. ಸಾಮಾನ್ಯ ದಾವೆಗಳಿಗೆ 15 ವರ್ಷದ ಗಡುವಿತ್ತು. ಆದರೆ ಯಾರ ಮೇಲೆ ಈ ಗಡಿಯಾರ ಓಡಬಾರದು ಎಂಬುದನ್ನೂ ಅದು ಬರೆದಿಟ್ಟಿತು. ದಾವೆದಾರ ಅಪ್ರಾಪ್ತನಾಗಿದ್ದರೆ, ಬುದ್ಧಿಸ್ವಾಧೀನದಲ್ಲಿ ಇಲ್ಲದಿದ್ದರೆ, ಪ್ರಯಾಣದಷ್ಟು ದೂರದ ಊರಿನಲ್ಲಿದ್ದರೆ, ಎದುರಾಳಿ ಬಲಾಢ್ಯನಾಗಿ ಅವನಿಗೆ ಅಂಜಿ ಸುಮ್ಮನಿದ್ದರೆ ಆ ಕಾಲ ಲೆಕ್ಕಕ್ಕಿಲ್ಲ. ದೂರ ಮತ್ತು ಅಂಜಿಕೆ, ಈ ಎರಡನ್ನು ಕಾರಣವೆಂದು ಒಪ್ಪಿದ್ದು ಗಮನಿಸತಕ್ಕದ್ದು. ನಮ್ಮ ಹಳ್ಳಿಯ ಕಕ್ಷಿದಾರರು ತಡವಾಗುವುದೂ ಹೆಚ್ಚಾಗಿ ಇವೇ ಕಾರಣಗಳಿಂದ.

ಬ್ರಿಟಿಷ್ ಭಾರತದಲ್ಲಿ ಮೊದಲ ಕಾಲಮಿತಿ ಕಾಯಿದೆ 1859ರದು. 1871, 1877, 1908ರಲ್ಲಿ ಅದನ್ನು ಮತ್ತೆ ಮತ್ತೆ ಹೊಸದಾಗಿ ಬರೆದರು. ಈಗ ಜಾರಿಯಲ್ಲಿರುವುದು 1963ರ ಕಾಯಿದೆ. ಸಿವಿಲ್ ವ್ಯಾಜ್ಯದಲ್ಲಿ ಹೈಕೋರ್ಟಿಗೆ ಮೇಲ್ಮನವಿ ಹೋಗಲು 90 ದಿನ, ಅದಕ್ಕಿಂತ ಕೆಳಗಿನ ಕೋರ್ಟಿಗೆ 30 ದಿನ. ತಡವಾದವನಿಗೆ ಉಳಿದಿರುವ ಬಾಗಿಲು 5ನೆಯ ಕಲಮು. ಹೊತ್ತಿಗೆ ಬಾರದಿದ್ದುದಕ್ಕೆ 'ಸಾಕಷ್ಟು ಕಾರಣ' ಇತ್ತೆಂದು ಮನವರಿಕೆಯಾದರೆ ಕೋರ್ಟು ವಿಳಂಬವನ್ನು ಮನ್ನಿಸಬಹುದು. ಸಾಕಷ್ಟು ಕಾರಣ ಯಾವುದೆಂದು ಕಾಯಿದೆ ಹೇಳಿಲ್ಲ. ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ. ಈ ಪದಕ್ಕೆ ಉದಾರವಾದ ಅರ್ಥ ಹೇಳಬೇಕೆಂದು ಮದರಾಸು ಹೈಕೋರ್ಟು 1890ರಲ್ಲಿಯೇ ಹೇಳಿತ್ತು.

ಚಿತ್ತಾಪುರದಿಂದ ಕೋರ್ಟು ಎಷ್ಟು ದೂರ?

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಮಿಯಾದ್ ಕಾನೂನು ಇತ್ತು. ಅದು 1322 ಫಸಲಿಯದು, ಅಂದರೆ 1912-13ರ ಸುಮಾರಿನದು. ಸರ್ಕಾರಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. ಆಜರ್, ದೈ, ಬಹಮನ್, ಇಸ್ಫಂದಾರ್ ಎಂದು ಅದರ ತಿಂಗಳುಗಳು. ಚಿತ್ತಾಪುರದ ಒಕ್ಕಲಿಗ ದಿನ ಎಣಿಸುತ್ತಿದ್ದುದು ಚೈತ್ರ ವೈಶಾಖಗಳಲ್ಲಿ, ಮಳೆ ನಕ್ಷತ್ರಗಳಲ್ಲಿ. ಅವನ ನೆರೆಯ ಮುಸಲ್ಮಾನ ಎಣಿಸುತ್ತಿದ್ದುದು ಮೊಹರಂ, ಸಫರ್‌ಗಳಲ್ಲಿ. ಕೋರ್ಟು ಎಣಿಸುತ್ತಿದ್ದುದು ಫಸಲಿಯಲ್ಲಿ. ಫೈಸಲಾದ ಭಾಷೆ ಉರ್ದು. ಅದನ್ನು ಓದಲು ಬಾರದ ಕನ್ನಡಿಗನಿಗೆ ತಾರೀಖಿನ ಲೆಕ್ಕವನ್ನೂ ಇನ್ನೊಬ್ಬರು ಹೇಳಬೇಕಿತ್ತು. ಮನೆಯಲ್ಲಿ ಉರ್ದು ಮಾತಾಡುವ ಬಡ ಮುಸಲ್ಮಾನನ ಪಾಡೂ ಅಷ್ಟೇ. ಕೋರ್ಟಿನ ಉರ್ದು ಅರಬ್ಬಿ ಪಾರಸಿ ತುಂಬಿದ ಉರ್ದು, ಅವನ ಮನೆಯ ದಖನಿ ಅಲ್ಲ. ಭಾಷೆ ಒಂದೇ ಎಂಬ ಮಾತ್ರಕ್ಕೆ ಅವನೇನೂ ಗೆಲ್ಲುತ್ತಿರಲಿಲ್ಲ.

ಜಹಗೀರು ಮತ್ತು ಪಾಯಗಾ ಪ್ರದೇಶಗಳ ಕಥೆ ಇನ್ನೂ ತೊಡಕಿನದು. ಪಾಯಗಾ ನವಾಬರಿಗೆ ಅವರದೇ ಅದಾಲತ್ತುಗಳಿದ್ದವು. 1949ರಲ್ಲಿ ಜಹಗೀರುಗಳು ರದ್ದಾದ ಮೇಲೆ ಇದು ಕೊನೆಗೊಂಡಿತು.

ಆದರೂ ಒಂದು ಅನುಕೂಲವಿತ್ತು. ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ಚಿತ್ತಾಪುರ, ಸೇಡಂ ಎರಡೂ ಆ ದಾರಿಯ ಮೇಲಿನ ಊರುಗಳೇ. ಬುತ್ತಿ ಕಟ್ಟಿಕೊಂಡು ಒಂದೇ ರೈಲು ಹತ್ತಿದರೆ ಮೂಸಿ ನದಿಯ ದಂಡೆಯ ಹೈಕೋರ್ಟಿಗೆ ಹೋಗಿಬರಬಹುದಿತ್ತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಎಲ್ಲ ಬದಲಾಯಿತು. 1951ರ ಏಪ್ರಿಲ್ 1ರಿಂದ ಭಾರತದ ಕಾಲಮಿತಿ ಕಾಯಿದೆ ಹೈದರಾಬಾದಿಗೂ ಬಂತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಕನ್ನಡಿಗರು ಕನ್ನಡ ರಾಜ್ಯಕ್ಕೆ ಬಂದರು, ಅದು ಸಂತೋಷದ ಸಂಗತಿ. ಆದರೆ ಹೈಕೋರ್ಟು ಅರ್ಧ ದಿನದ ದಾರಿಯಿಂದ ಸುಮಾರು 600 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಯಿತು. ಅಲ್ಲಿಯ ಭಾಷೆ ಇಂಗ್ಲಿಷ್. ನಾಡು ಹತ್ತಿರವಾದಾಗ ನ್ಯಾಯಾಲಯ ದೂರವಾಯಿತು. ಕಾಯಿದೆಯ 90 ದಿನ ಬೆಂಗಳೂರಿನ ನಿವಾಸಿಗೂ ಚಿಂಚೋಳಿಯ ತಾಂಡಾದವನಿಗೂ ಒಂದೇ. ಒಬ್ಬನಿಗೆ ಹೈಕೋರ್ಟು ಸಿಟಿ ಬಸ್ಸಿನ ದಾರಿ. ಇನ್ನೊಬ್ಬನಿಗೆ ಹೋಗಿಬರಲು ಮೂರು ದಿನ, ಮೂರು ದಿನದ ಕೂಲಿ ನಷ್ಟ, ಉಳಿಯುವ ಖರ್ಚು ಬೇರೆ.

ಈ ಸ್ಥಿತಿ 52 ವರ್ಷ ನಡೆಯಿತು. ವಕೀಲರು, ಸಾರ್ವಜನಿಕರು ಬಹುಕಾಲ ಒತ್ತಾಯಿಸಿದ ನಂತರ 2008ರ ಜುಲೈ 5ರಂದು ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟ್ 31ರಂದು ಅದು ಕಾಯಂ ಪೀಠವಾಯಿತು. ದೂರದ ಅಡ್ಡಿ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಭಾಷೆಯ ಅಡ್ಡಿ ಮತ್ತು ಮಾಹಿತಿಯ ಅಡ್ಡಿ ಉಳಿದವು.

ಕೋರ್ಟೇ ದಾರಿ ತಪ್ಪಿಸಿದರೆ

ಹೈದರಾಬಾದಿನಿಂದ ಸುಪ್ರೀಂ ಕೋರ್ಟಿಗೆ ಹೋದ ಆರಂಭದ ಪ್ರಕರಣಗಳಲ್ಲೊಂದು ಮಿಯಾದಿಗೆ ಸಂಬಂಧಿಸಿದ್ದು. ಅದು 1950ರಲ್ಲಿ ತೀರ್ಮಾನವಾದ ನರಹರಿ ವಿರುದ್ಧ ಶಂಕರ ಪ್ರಕರಣ. ದಾವೆ ಒಂದೇ, ಆದರೆ ಪ್ರತಿವಾದಿಗಳ ಎರಡು ಗುಂಪು ಬೇರೆ ಬೇರೆಯಾಗಿ ಮೇಲ್ಮನವಿ ಸಲ್ಲಿಸಿದ್ದರಿಂದ ಎರಡು ಡಿಕ್ರಿಗಳಾಗಿದ್ದವು. ವಾದಿಗಳು ಒಂದು ಮೇಲ್ಮನವಿಯನ್ನು ವೇಳೆಗೆ ಸಲ್ಲಿಸಿದರು, ಇನ್ನೊಂದನ್ನು ತಡವಾಗಿ ಸಲ್ಲಿಸಿದರು. ಎರಡನೆಯದು ಮಿಯಾದ್ ಮೀರಿದೆ, ಆದ್ದರಿಂದ ಮೊದಲನೆಯದೂ ನಿಲ್ಲದು ಎಂದಿತು ಹೈದರಾಬಾದ್ ಹೈಕೋರ್ಟು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ವಿಚಾರಣೆ ಒಂದು, ತೀರ್ಪು ಒಂದು ಆಗಿರುವಾಗ ಮೇಲ್ಮನವಿಯೂ ಒಂದೇ ಸಾಕು ಎಂದಿತು. ಈ ವಿಷಯದಲ್ಲಿ ಕೋರ್ಟುಗಳ ತೀರ್ಪುಗಳೇ ಒಂದಕ್ಕೊಂದು ಹೊಂದದಿರುವಾಗ ಕಕ್ಷಿದಾರನಿಗೆ 5ನೆಯ ಕಲಮಿನ ಲಾಭ ಕೊಡಬೇಕಿತ್ತು ಎಂದೂ ಹೇಳಿತು. ನ್ಯಾಯಾಲಯದ ಗೊಂದಲಕ್ಕೆ ಪ್ರಜೆ ದಂಡ ತೆರಬಾರದು ಎಂಬುದು ಇದರ ತಿರುಳು. 5ನೆಯ ಕಲಮಿನ ವಿವರಣೆಯಲ್ಲಿಯೇ ಈ ಮಾತಿದೆ. ಹೈಕೋರ್ಟಿನ ಆದೇಶ, ರೂಢಿ ಅಥವಾ ತೀರ್ಪಿನಿಂದ ದಾರಿ ತಪ್ಪಿ ದಿನದ ಲೆಕ್ಕ ತಪ್ಪಿದರೆ ಅದನ್ನು ಸಾಕಷ್ಟು ಕಾರಣವೆಂದು ಎಣಿಸಬಹುದು.

ಇದರ ಬೆಲೆ ತಿಳಿಯಲು ಅಮೆರಿಕದ ಕಡೆ ನೋಡಬೇಕು. ಅಲ್ಲಿಯ ಬೌಲ್ಸ್ ಎಂಬ ಕೈದಿಗೆ ಮೇಲ್ಮನವಿಯ ನೋಟೀಸು ಸಲ್ಲಿಸಲು ನ್ಯಾಯಾಧೀಶರು 17 ದಿನ ಕೊಟ್ಟರು. ಕಾನೂನಿನ ಪ್ರಕಾರ ಕೊಡಬಹುದಾಗಿದ್ದುದು 14 ದಿನ ಮಾತ್ರ. ನ್ಯಾಯಾಧೀಶರ ಮಾತು ನಂಬಿ 16ನೆಯ ದಿನ ಸಲ್ಲಿಸಿದವನ ಮನವಿಯನ್ನು 2007ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ತಳ್ಳಿಹಾಕಿತು. ಅದೇ ಕೋರ್ಟು 1988ರಲ್ಲಿ ಬೇರೆ ರೀತಿ ಯೋಚಿಸಿತ್ತು. ಹೂಸ್ಟನ್ ಎಂಬ ಕೈದಿ ವಕೀಲರಿಲ್ಲದೆ ತಾನೇ ಬರೆದ ನೋಟೀಸನ್ನು 27ನೆಯ ದಿನ ಜೈಲಿನವರ ಕೈಗೆ ಕೊಟ್ಟಿದ್ದ. ಕೋರ್ಟಿನ ಮೊಹರು ಬಿದ್ದದ್ದು 31ನೆಯ ದಿನ. ಗಡುವು 30. ಕೈದಿ ತಾನಾಗಿ ಅಂಚೆಗೆ ಹೋಗಲಾರ, ವಕೀಲರನ್ನೂ ಕಳಿಸಲಾರ, ಆದ್ದರಿಂದ ಜೈಲಿನವರಿಗೆ ಕೊಟ್ಟ ದಿನವೇ ಸಲ್ಲಿಸಿದ ದಿನ ಎಂದು ತೀರ್ಪಾಯಿತು. ವಕೀಲನಿಲ್ಲದವನ ಕೈಯಲ್ಲಿ ಏನಿದೆ, ಏನಿಲ್ಲ ಎಂದು ನೋಡಿ ದಿನ ಎಣಿಸಿದ ತೀರ್ಪು ಇದು.

ನಕಲು ಸಿಗದ ಕೈದಿ

ನಮ್ಮಲ್ಲಿಯೂ ಇಂಥದೇ ಪ್ರಶ್ನೆ ಎದ್ದದ್ದು 1978ರ ಎಂ.ಎಚ್. ಹೊಸ್ಕೋಟ್ ಪ್ರಕರಣದಲ್ಲಿ. ಆತ ಗುಜರಾತಿನ ವಿಶ್ವವಿದ್ಯಾಲಯವೊಂದರ ರೀಡರ್. ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಮೊಹರು ಮಾಡಿಸಲು ಹೋಗಿ ಸಿಕ್ಕಿಬಿದ್ದಿದ್ದರು. ಬೊಂಬಾಯಿ ಹೈಕೋರ್ಟು 1973ರಲ್ಲಿ ಜೈಲು ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟಿಗೆ ಅರ್ಜಿ ಬಂದದ್ದು ನಾಲ್ಕು ವರ್ಷಕ್ಕೂ ಮಿಕ್ಕಿ ತಡವಾಗಿ. ತೀರ್ಪಿನ ಪ್ರತಿಯೇ ನನ್ನ ಕೈ ಸೇರಿರಲಿಲ್ಲ ಎಂಬುದು ಅವರ ಅಳಲು. ಪ್ರತಿಯನ್ನು ಜೈಲಿಗೆ ಕಳಿಸಿದ್ದರೂ ಅದು ಕೈದಿಗೆ ಮುಟ್ಟಿತೆನ್ನಲು ದಾಖಲೆ ಇರಲಿಲ್ಲ.

ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ಅರ್ಜಿಯನ್ನು ವಜಾ ಮಾಡಿತು. ಅಪರಾಧಿಯ ಬಗ್ಗೆ ಅದಕ್ಕೆ ಕನಿಕರವೇನೂ ಇರಲಿಲ್ಲ. ಆದರೆ ಅದೇ ತೀರ್ಪಿನಲ್ಲಿ ದೇಶಕ್ಕೆಲ್ಲ ಎರಡು ಕಟ್ಟಳೆ ಹಾಕಿತು. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಮೇಲ್ಮನವಿಯ ವೇಳೆ ಮುಗಿಯುವ ಮುನ್ನ ಉಚಿತವಾಗಿ ಮುಟ್ಟಿಸಬೇಕು. ವಕೀಲರನ್ನು ಇಟ್ಟುಕೊಳ್ಳಲಾಗದ ಕೈದಿಗೆ ಸರ್ಕಾರದ ಖರ್ಚಿನಲ್ಲಿ ನೆರವು ಕೊಡಬೇಕು. ಮೇಲ್ಮನವಿಯ ಹಕ್ಕು ಎಂದರೆ ಕಾಗದದ ಮೇಲಿನ ಮಾತಲ್ಲ. ಪ್ರತಿ, ತಿಳಿವಳಿಕೆ, ಸಹಾಯ ಈ ಮೂರೂ ಕೂಡಿದರೇ ಅದು ಹಕ್ಕು ಎಂದು ಇದರಿಂದ ಸ್ಪಷ್ಟವಾಯಿತು.

ಕಾತಿಜಿ ಮತ್ತು ಬಸವರಾಜ

ಹೊಲದ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಸರ್ಕಾರದ ವಿರುದ್ಧ ಬಡವ ಕೋರ್ಟಿಗೆ ಹೋಗುವ ಸಂದರ್ಭಗಳಲ್ಲಿ ಭೂಸ್ವಾಧೀನ ಮುಖ್ಯವಾದದ್ದು. ಬೆಣ್ಣೆತೊರೆ, ಮುಲ್ಲಾಮಾರಿ ನೀರಾವರಿ ಯೋಜನೆಗಳಿಗೆ ಹೊಲಗಳು ಹೋದವು. ಪರಿಹಾರ ಕಡಿಮೆಯಾಯಿತು ಎನಿಸಿದವನು ಮೊದಲು ಜಿಲ್ಲೆಯ ಕೋರ್ಟಿಗೆ, ಅನಂತರ ಹೈಕೋರ್ಟಿಗೆ ಹೋಗಬೇಕು. ಒಂದೊಂದು ಮೆಟ್ಟಿಲಿಗೂ ಒಂದೊಂದು ಗಡುವು.

ವಿಳಂಬ ಮನ್ನಿಸುವ ವಿಷಯದಲ್ಲಿ ವಕೀಲರು ಇಂದಿಗೂ ಎತ್ತಿ ಹೇಳುವ ತೀರ್ಪು 1987ರ ಕಾತಿಜಿ ಪ್ರಕರಣದ್ದು. ತಡಮಾಡಿ ಯಾರಿಗೂ ಲಾಭವಿಲ್ಲ, ಪ್ರತಿಯೊಂದು ದಿನದ ಲೆಕ್ಕ ಕೊಡಬೇಕೆಂಬ ನಿಯಮವನ್ನು ಅತಿಗೆ ಒಯ್ಯಬಾರದು, ತಾಂತ್ರಿಕ ಅಡ್ಡಿಗಿಂತ ನಿಜವಾದ ನ್ಯಾಯ ದೊಡ್ಡದು ಎಂಬುದು ಅದರ ಸಾರ. ಬಡವರ ಪರವಾದ ತೀರ್ಪು ಎಂದು ಯಾರಿಗಾದರೂ ಅನಿಸೀತು. ಆದರೆ ಅಲ್ಲಿ ತಡವಾಗಿ ಬಂದಿದ್ದವರು ಯಾರು? ಕಾಶ್ಮೀರದ ಅನಂತನಾಗದ ಭೂಸ್ವಾಧೀನ ಕಲೆಕ್ಟರು, ನಾಲ್ಕು ದಿನ ತಡವಾಗಿ. ಎದುರಿಗಿದ್ದ ಕಾತಿಜಿ ಭೂಮಿ ಕಳೆದುಕೊಂಡ ಹೆಣ್ಣುಮಗಳು. ಉದಾರತೆಯ ಬಾಗಿಲು ತೆರೆದದ್ದು ಸರ್ಕಾರಕ್ಕೆ.

ಇನ್ನೊಂದು ತೀರ್ಪು ನಮ್ಮ ಕಲಬುರಗಿಯಿಂದಲೇ ಹೋದದ್ದು: 2013ರ ಆಗಸ್ಟಿನ ಬಸವರಾಜ ವಿರುದ್ಧ ವಿಶೇಷ ಭೂಸ್ವಾಧೀನಾಧಿಕಾರಿ ಪ್ರಕರಣ. ಭೂಮಿ ಕಳೆದುಕೊಂಡವರು ಐದೂವರೆ ವರ್ಷ ತಡವಾಗಿ ಹೈಕೋರ್ಟಿಗೆ ಬಂದಿದ್ದರು. ಒಬ್ಬರಿಗೆ ಕಾಯಿಲೆಯಾಗಿತ್ತು ಎಂಬುದು ಕಾರಣ. ನಮ್ಮಂಥ ಬೇರೆಯವರಿಗೆ ಹೆಚ್ಚಿನ ಪರಿಹಾರ ಸಿಕ್ಕಿದೆ, ನಮಗೂ ಸಿಗಬೇಕು ಎಂಬುದು ವಾದ. ಕಲಬುರಗಿ ಪೀಠ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಕಾಲಮಿತಿ ಒಬ್ಬನಿಗೆ ಕಠಿಣವಾಗಿ ಕಂಡರೂ ಕಾನೂನು ಹೇಳಿದಂತೆ ಅದನ್ನು ಜಾರಿ ಮಾಡಲೇಬೇಕು ಎಂದು ತೀರ್ಪು ಬಂತು.

ನಾಲ್ಕು ದಿನಕ್ಕೂ ಐದೂವರೆ ವರ್ಷಕ್ಕೂ ಹೋಲಿಕೆಯಿಲ್ಲ, ನಿಜ. ಗೆದ್ದವನೂ ಒಂದು ದಿನ ನಿಶ್ಚಿಂತೆಯಿಂದ ಮಲಗಬೇಕು, ವ್ಯಾಜ್ಯಕ್ಕೆ ಕೊನೆಯಿರಬೇಕು ಎಂಬುದೂ ನಿಜ. ಸರ್ಕಾರದ ಸೋಮಾರಿತನವನ್ನು ಕೋರ್ಟು ಯಾವಾಗಲೂ ಸಹಿಸಿದೆ ಎನ್ನುವಂತೆಯೂ ಇಲ್ಲ. 2012ರಲ್ಲಿ 427 ದಿನ ತಡವಾಗಿ ಬಂದ ಅಂಚೆ ಇಲಾಖೆಯನ್ನು ಸುಪ್ರೀಂ ಕೋರ್ಟು ವಾಪಸು ಕಳಿಸಿತು. ಕಡತ ಮೇಜಿನಿಂದ ಮೇಜಿಗೆ ಹೋಗುವುದು ತಡವಾಯಿತೆಂಬುದು ಕಾರಣವಲ್ಲ ಎಂದಿತು.

ಆದರೂ ಕಲೆಕ್ಟರ ಬಳಿ ಸರ್ಕಾರಿ ವಕೀಲರಿದ್ದಾರೆ, ಗುಮಾಸ್ತರಿದ್ದಾರೆ, ದಿನಚರಿ ಪುಸ್ತಕವಿದೆ. ಹೊಲ ಹೋದ ರೈತ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿರುತ್ತಾನೆ. ಇಬ್ಬರ ಒಂದು ದಿನ ಒಂದೇ ಅಲ್ಲ. 2014ರ ಧೀರಜ್ ಸಿಂಗ್ ಪ್ರಕರಣದಲ್ಲಿ ಹರಿಯಾಣದ ರೈತರ ವಿಷಯಕ್ಕೆ ಸುಪ್ರೀಂ ಕೋರ್ಟು ನಡುದಾರಿ ಹುಡುಕಿತು. ತಡವನ್ನು ಮನ್ನಿಸಿ ಅಕ್ಕಪಕ್ಕದವರಷ್ಟೇ ಪರಿಹಾರ ಕೊಟ್ಟಿತು, ತಡಮಾಡಿದ ಕಾಲದ ಬಡ್ಡಿಯನ್ನು ಮಾತ್ರ ಬಿಡಿಸಿತು. ತಪ್ಪಿಗೆ ಬಡ್ಡಿ ಹೋಯಿತು, ಅಸಲು ಉಳಿಯಿತು. ಇದು ಲೋಕ ಒಪ್ಪುವ ನ್ಯಾಯ.

ಕೇಳುವುದು ಹೇಗೆ?

ವಕೀಲರಿಲ್ಲದೆ ಹೋಗುವವರು ಕೆಲವು ಸಂಗತಿ ತಿಳಿದಿರಬೇಕು. ಮೊದಲನೆಯದು, ತಾನೇ ವಾದಿಸುವ ಹಕ್ಕು ಕಕ್ಷಿದಾರನಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಎರಡನೆಯದು, ಸಿವಿಲ್ ಮೇಲ್ಮನವಿಗೆ ಮುಂಗಡವಾಗಿ ಹೆಚ್ಚು ದಿನ ಕೊಡಿ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮೇಲ್ಮನವಿಯನ್ನು ಸಲ್ಲಿಸಿ, ಅದರ ಜೊತೆಗೇ ವಿಳಂಬ ಮನ್ನಿಸುವ ಅರ್ಜಿಯನ್ನೂ ಪ್ರಮಾಣಪತ್ರವನ್ನೂ ಕೊಡಬೇಕು. ಮೂರನೆಯದು, ತೀರ್ಪಾದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು 12ನೆಯ ಕಲಮು ಲೆಕ್ಕದಿಂದ ಕಳೆಯುತ್ತದೆ. ಅರ್ಜಿ ಹಾಕಲು ತಡಮಾಡಿದ ದಿನಗಳನ್ನು ಕಳೆಯುವುದಿಲ್ಲ.

ನಾಲ್ಕನೆಯದು, ಇಡೀ 90 ದಿನ ಏನು ಮಾಡುತ್ತಿದ್ದೆ ಎಂದು ವಿವರಿಸಬೇಕಾಗಿಲ್ಲ. 1961ರಲ್ಲಿ ತೀರ್ಮಾನವಾದ ರಾಮಲಾಲ್ ವಿರುದ್ಧ ರೀವಾ ಕಲ್ಲಿದ್ದಲು ಗಣಿ ಪ್ರಕರಣದಲ್ಲಿ ತಡವಾದದ್ದು ಒಂದೇ ದಿನ. ಗಡುವಿನ ಕೊನೆಯ ದಿನದಿಂದ ಸಲ್ಲಿಸಿದ ದಿನದವರೆಗಿನ ಕಾರಣ ಹೇಳಿದರೆ ಸಾಕೆಂದು ಆಗ ತೀರ್ಪಾಯಿತು. ಆದರೆ ಆ ದಿನಗಳ ಕಾರಣ ನಿಜವಾಗಿರಬೇಕು. ಆಸ್ಪತ್ರೆಯ ಚೀಟಿ, ನಕಲಿನ ರಸೀದಿ, ಊರಲ್ಲಿರಲಿಲ್ಲ ಎನ್ನಲು ಟಿಕೇಟು, ಇಂಥ ಆಧಾರ ಜೊತೆಗಿರಬೇಕು. ನನಗೆ ಕಾನೂನು ಗೊತ್ತಿರಲಿಲ್ಲ ಎಂಬ ಒಂದೇ ಮಾತು ಸಾಮಾನ್ಯವಾಗಿ ಸಾಲದು.

ಐದನೆಯದು, ವಕೀಲರಿಲ್ಲ ಎಂಬುದು ವಿಧಿಯಲ್ಲ. 1995ರ ನವೆಂಬರ್ 9ರಿಂದ ಜಾರಿಯಲ್ಲಿರುವ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕೈದಿಗಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ದುಡಿಯುವ ಕಾರ್ಮಿಕ ಈ ಪಟ್ಟಿಯಲ್ಲಿದ್ದಾನೆ. ಇದು ಅವನಿಗೆ ಗೊತ್ತಿದೆಯೆ ಎಂಬುದೇ ಪ್ರಶ್ನೆ.

ತೀರ್ಪಿನ ಕೆಳಗೆ ಒಂದು ಸಾಲು

ಇಡೀ ದೇಶವೇ ತಡವಾದಾಗ ಕೋರ್ಟು ಗಡಿಯಾರ ನಿಲ್ಲಿಸಿದ್ದನ್ನು ನಾವು ಕಂಡಿದ್ದೇವೆ. ಕೊರೊನಾ ಕಾಲದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟು ಯಾರೂ ಬಂದು ಕಾಡಿಬೇಡದೆ ತಾನಾಗಿಯೇ ಲೆಕ್ಕದಿಂದ ಬಿಟ್ಟಿತು. ಮನೆಯಿಂದ ಹೊರಬರಲಾಗದವನ ಕಷ್ಟ ಆಗ ಎಲ್ಲರಿಗೂ ಅರ್ಥವಾಯಿತು, ಏಕೆಂದರೆ ಅದು ಎಲ್ಲರ ಕಷ್ಟವಾಗಿತ್ತು. ಒಬ್ಬೊಬ್ಬರಾಗಿ ಬರುವ ಬಡವರ ಕಷ್ಟಕ್ಕೆ ಇಷ್ಟು ದೊಡ್ಡ ಏರ್ಪಾಡು ಬೇಡ. ಅವರಿಗೆ ಬೇಕಾದದ್ದು ಬಹಳ ಸಣ್ಣದು.

ಗಲ್ಲು ಶಿಕ್ಷೆ ವಿಧಿಸಿದಾಗ ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು ಎಂದು ನ್ಯಾಯಾಧೀಶರು ಅಪರಾಧಿಗೆ ತಿಳಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಕಟ್ಟಳೆ 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ತಿರಸ್ಕರಿಸುವ ಅಧಿಕಾರಿ ಎಷ್ಟು ದಿನದೊಳಗೆ, ಯಾರಿಗೆ ಮೇಲ್ಮನವಿ ಸಲ್ಲಿಸಬೇಕೆಂದು ಬರೆದುಕೊಡಬೇಕು. ಜರ್ಮನಿಯಲ್ಲಿ 2014ರಿಂದ ವಕೀಲರು ಕಡ್ಡಾಯವಲ್ಲದ ಸಿವಿಲ್ ಪ್ರಕರಣಗಳಲ್ಲಿ ತೀರ್ಪಿನ ಜೊತೆಗೇ ಈ ತಿಳಿವಳಿಕೆ ಕೊಡಬೇಕೆಂಬ ನಿಯಮ ಬಂದಿದೆ. ಕೊಡದಿದ್ದರೆ ತಡವಾದವನ ತಪ್ಪಿಲ್ಲವೆಂದೇ ಭಾವಿಸುತ್ತಾರೆ.

ಗಲ್ಲಿಗೆ ಹೋಗುವವನಿಗೆ ಹೇಳುವ ಮಾತನ್ನು ಹೊಲ ಕಳೆದುಕೊಳ್ಳುವವನಿಗೂ ಹೇಳಬಹುದಲ್ಲ! ಚಿತ್ತಾಪುರದ ಕೋರ್ಟಿನ ತೀರ್ಪಿನ ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಸಾಕು. ಇದರ ಮೇಲೆ ಇಂಥ ಕೋರ್ಟಿಗೆ, ಇಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ವಕೀಲರಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಇದಕ್ಕೆ ಖರ್ಚಿಲ್ಲ, ಯಾರ ಹಕ್ಕಿಗೂ ಧಕ್ಕೆಯಿಲ್ಲ. ಹೈಕೋರ್ಟು ಮನಸ್ಸು ಮಾಡಿ ಕೆಳಗಿನ ಕೋರ್ಟುಗಳಿಗೆ ಸೂಚನೆ ಕೊಟ್ಟರೆ ಆಗುವ ಕೆಲಸ. ಈ ಭಾಗದ ವಕೀಲರ ಸಂಘಗಳು ಹೈಕೋರ್ಟನ್ನು ಕಲಬುರಗಿಗೆ ತಂದಂತೆ ಈ ಒಂದು ಸಾಲನ್ನೂ ಕೇಳಿ ತರಿಸಬೇಕು.